ಕಿಸೆಯ ಚಾಕು, ಬಸಿಯ ಚಹಾ

ಹಾನಗಲ್ಲಿನ ಬಸ್ ನಿಲ್ದಾಣದ ಸಮೀಪದಲ್ಲಿರುವ ಚಹಾದಂಗಡಿಗಳಲ್ಲಿ ಅದೂ ಒಂದು. ತಗಡಿನ ಮಾಡು, ಗೋಡೆಗೆ ಆನಿಸಿದ ಎರಡು ಬೆಂಚು, ಬೆಳಗಿನಿಂದ ರಾತ್ರಿಯವರೆಗೆ ಆರದ ಒಲೆ. ಬಂದವರೆಲ್ಲರಿಗೂ ಅಲ್ಲಿ ಚಹಾ ದೊರೆಯುವುದು ನಾಲ್ಕು ಗುಟುಕಿಗೆ ಬರಿದಾಗುವ ಕಾಗದದ ಬಟ್ಟಲಿನಲ್ಲಿ. ಕುಡಿದವರು ಅದನ್ನು ಮುದುಡಿ ಮೂಲೆಯ ಬುಟ್ಟಿಗೆ ಎಸೆದು ಹೋಗುತ್ತಾರೆ. ಬುಟ್ಟಿಯು ಮಧ್ಯಾಹ್ನಕ್ಕೇ ತುಂಬಿ ಹೊರಚೆಲ್ಲಿರುತ್ತದೆ.

ಶಿಗ್ಗಾವಿಯ ಬಸ್ಸನ್ನು ಕಾಯುತ್ತ ನಾನು ಅಲ್ಲಿ ಕುಳಿತಿದ್ದಾಗ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜ ಬಂದರು. ಮಾಸಿದ ಧೋತರ, ತಲೆಗೆ ಸುತ್ತಿದ ಪಟಗ, ಕೈಯಲ್ಲೊಂದು ಚೀಲ. ಅವರು ಏನನ್ನೂ ಕೇಳಲಿಲ್ಲ. ಅಂಗಡಿಯವನೂ ಏನನ್ನೂ ಕೇಳದೆ, ಡಬ್ಬಿಗಳ ಹಿಂದೆ ಕೈ ಹಾಕಿ ಒಂದು ಪಿಂಗಾಣಿ ಕಪ್ಪು-ಬಸಿಯನ್ನು ಹೊರತೆಗೆದನು. ಬಿಸಿನೀರಿನಲ್ಲಿ ತೊಳೆದು, ಚಹಾ ತುಂಬಿ, ಅವರ ಮುಂದಿಟ್ಟನು. ಇಡೀ ಅಂಗಡಿಯಲ್ಲಿ ಅಂಥ ಕಪ್ಪು ಅದೊಂದೇ ಎಂಬುದು ನೋಡಿದೊಡನೆ ತಿಳಿಯುವಂತಿತ್ತು.

ಅಜ್ಜ ಚಹಾವನ್ನು ಬಸಿಗೆ ಹೊಯ್ದುಕೊಂಡು, ಆರಿಸಿ, ಸಶಬ್ದವಾಗಿ ಕುಡಿದು ಮುಗಿಸಿದರು. ಆಮೇಲೆ ನಡೆದದ್ದೇ ವಿಚಿತ್ರ. ಬರಿದಾದ ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿದರು. ಕಿಸೆಯಿಂದ ಮಡಿಚುವ ಚಾಕುವೊಂದನ್ನು ತೆಗೆದು, ಉಗುರಿನಿಂದ ಅಲಗನ್ನು ಬಿಡಿಸಿದರು. ಕಪ್ಪಿನ ತಳದ ಬಳೆಯ ಮೇಲೆ ಅಲಗನ್ನು ಈ ಮಗ್ಗುಲು ಒಮ್ಮೆ, ಆ ಮಗ್ಗುಲು ಒಮ್ಮೆ ಎಳೆದರು. ಅಲಗನ್ನು ಬೆಳಕಿಗೆ ಹಿಡಿದು ನೋಡಿ, ಏಕೋ ತೃಪ್ತಿಯಾಗದೆ, ಚಾಕುವನ್ನೂ ಕಪ್ಪನ್ನೂ ಅಂಗಡಿಯವನತ್ತ ಸರಿಸಿದರು. ಅವನು ಒಲೆಯ ಉರಿಯನ್ನು ತಗ್ಗಿಸಿ, ಎರಡೂ ಮಗ್ಗುಲನ್ನು ನಾಲ್ಕು ನಾಲ್ಕು ಸಲ ಎಳೆದು, ಅರಿವೆಯಿಂದ ಒರೆಸಿ, ಹಿಡಿಯನ್ನು ಮುಂದೆ ಮಾಡಿ ಹಿಂದಿರುಗಿಸಿದನು. ಅಜ್ಜ ಚೀಲದಿಂದ ಪೇರಲ ಹಣ್ಣೊಂದನ್ನು ತೆಗೆದು ನಾಲ್ಕು ಹೋಳು ಮಾಡಿದರು. ಒಂದನ್ನು ಅಂಗಡಿಯವನಿಗೆ ಕೊಟ್ಟು, ಇನ್ನೊಂದನ್ನು ನನ್ನತ್ತ ನೀಡಿದರು.

“ತಗೋರಿ, ಸಂಕೋಚ ಬ್ಯಾಡ.”

“ಅಜ್ಜಾರ, ಇದ್ಯಾವ ಸಾಣಿರೀ?” ಎಂದು ನಾನು ಕೇಳಿದೆ.

“ಎಲ್ಲಾ ಕಪ್ಪಿನ ತಳದಾಗೂ ಸಾಣಿಕಲ್ಲ ಐತ್ರಿ. ನೀವು ಚಾ ಕುಡದು ಇಟ್ಟು ಹೋಗ್ತೀರಿ. ತಿರುವಿ ನೋಡಂಗಿಲ್ಲ, ಅಷ್ಟ.”

ನಿಜ. ಬದುಕಿನಲ್ಲಿ ಎಷ್ಟು ಸಾವಿರ ಕಪ್ಪು ಚಹಾ ಕುಡಿದಿದ್ದೇನೋ! ಒಂದನ್ನೂ ನಾನು ತಿರುವಿ ನೋಡಿರಲಿಲ್ಲ.

ಕಪ್ಪಿನ ತಳದ ವಿದ್ಯೆ

ಓದುಗರು ತಮ್ಮ ಮನೆಯ ಪಿಂಗಾಣಿ ಕಪ್ಪೊಂದನ್ನು ಈಗಲೇ ತಿರುವಿ ನೋಡಬಹುದು. ಇಡೀ ಕಪ್ಪು ಗಾಜಿನಂತೆ ನುಣುಪಾಗಿದ್ದರೂ, ನೆಲಕ್ಕೆ ತಾಗುವ ಆ ಸಣ್ಣ ಬಳೆ ಮಾತ್ರ ಒರಟಾಗಿರುತ್ತದೆ. ಇದು ಕುಂಬಾರನ ಅಲಕ್ಷ್ಯವಲ್ಲ. ಆವಿಗೆಯ ಬೆಂಕಿಯಲ್ಲಿ ಕಪ್ಪಿನ ಮೇಲಣ ಹೊಳಪಿನ ಲೇಪವು ಕರಗುತ್ತದೆ. ತಳದ ಬಳೆಗೂ ಅದನ್ನು ಬಳಿದಿದ್ದರೆ ಕಪ್ಪು ಕೆಳಗಿನ ಹಲಗೆಗೆ ಅಂಟಿಕೊಂಡುಬಿಡುತ್ತಿತ್ತು. ಆದುದರಿಂದ ಅಷ್ಟು ಭಾಗವನ್ನು ಬರಿದಾಗಿಯೇ ಬಿಡುತ್ತಾರೆ. ಹೀಗೆ ಬೆತ್ತಲೆಯಾಗಿ ಸುಟ್ಟ ಆ ಪಿಂಗಾಣಿಯು ಸಾಮಾನ್ಯ ಚಾಕುವಿನ ಉಕ್ಕಿಗಿಂತ ಕಠಿನವಾದುದು. ಜೊತೆಗೆ ಬಹು ಸಣ್ಣ ಕಣಗಳಿಂದ ಕೂಡಿದ್ದು. ಉಕ್ಕನ್ನು ತೀಡಬಲ್ಲ ಗುಣವು ಅದಕ್ಕೆ ಬಂದದ್ದು ಹೀಗೆ.

ಇದಕ್ಕೂ ಒಂದು ಕ್ರಮವಿದೆ. ಅಲಗನ್ನು ಬಳೆಯ ಮೇಲೆ ಮಟ್ಟಸವಾಗಿ ಮಲಗಿಸಬಾರದು, ನೆಟ್ಟಗೆ ನಿಲ್ಲಿಸಲೂಬಾರದು. ಲಂಬಕೋನದ ಅರ್ಧದಲ್ಲಿ ಮತ್ತೆ ಅರ್ಧ, ಎಂದರೆ ಸುಮಾರು 22 ಅಂಶದಷ್ಟು ಓರೆಯಲ್ಲಿ ಹಿಡಿದು, ಬಳೆಯಿಂದ ತೆಳುವಾದ ಪದರವೊಂದನ್ನು ಹೆರೆಯುವವರ ಹಾಗೆ ಬುಡದಿಂದ ತುದಿಯವರೆಗೆ ಎಳೆಯಬೇಕು. ಬಲ ಬೇಡ, ಚಾಕುವಿನ ತೂಕವೇ ಸಾಕು. ಬಿಳಿಯ ಬಳೆಯ ಮೇಲೆ ಬೂದು ಬಣ್ಣದ ಗೀರು ಕಂಡಿತೆಂದರೆ ಉಕ್ಕು ಸವೆದು ಹರಿತ ಬರುತ್ತಿದೆ ಎಂದು ತಿಳಿಯಬೇಕು. ಬಾಯಿ ಮುರಿದ, ಪೂರ್ತಿ ಮೊಂಡಾದ ಚಾಕುವನ್ನು ಕಪ್ಪು ಸರಿಪಡಿಸಲಾರದು. ಅದಕ್ಕೆ ಒರಟು ಕಲ್ಲೇ ಆಗಬೇಕು. ಆದರೆ ದಿನಕ್ಕೊಮ್ಮೆ ಕಪ್ಪಿನ ಮೇಲೆ ಎಳೆದ ಚಾಕುವು ಮೊಂಡಾಗುವ ಸಂದರ್ಭವೇ ಕಡಿಮೆ. ಚಹಾ ದಿನನಿತ್ಯದ್ದು, ಚಾಕು ದಿನನಿತ್ಯದ್ದು. ಆದುದರಿಂದ ಆರೈಕೆಯೂ ದಿನನಿತ್ಯದ್ದೇ ಆಯಿತು.

ನಾಲ್ಕು ಊರು, ನಾಲ್ಕು ಕೆಲಸ

ಅಂದಿನಿಂದ ನನಗೊಂದು ಹುಚ್ಚು ಹಿಡಿಯಿತೆನ್ನಬೇಕು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಆದ ಹಾವೇರಿ ಜಿಲ್ಲೆಯ ಹಾನಗಲ್ಲು, ಹಿರೇಕೆರೂರು, ಶಿಗ್ಗಾವಿ, ಸವಣೂರುಗಳಲ್ಲಿ ತಿರುಗುವಾಗಲೆಲ್ಲ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಜನರ ಕೈಗಳನ್ನು ನೋಡತೊಡಗಿದೆ. ಮೊಬೈಲು ಇಲ್ಲದ ಕಿಸೆ ಈಗ ಸಿಗುವುದಿಲ್ಲ. ಆದರೆ ಐವತ್ತು ದಾಟಿದವರ ಕಿಸೆಗಳಲ್ಲಿ ಮೊಬೈಲಿನ ಬಗಲಿಗೆ ಚಾಕುವೂ ಇರುವುದನ್ನು ಕಂಡೆ. ಒಂದೊಂದು ಊರಿನಲ್ಲಿ ಅದಕ್ಕೆ ಒಂದೊಂದು ಕೆಲಸ.

ಹಾನಗಲ್ಲು ಅರೆಮಲೆನಾಡಿನ ಸೀಮೆ. ಭತ್ತದ ಗದ್ದೆ, ಅಡಿಕೆಯ ತೋಟ, ಮಾವಿನ ತೋಪು ಮೂರೂ ಅಲ್ಲಿವೆ. ಬೇಸಗೆಯಲ್ಲಿ ಮಾವಿನ ವ್ಯಾಪಾರಕ್ಕೆ ಬಂದವರು ಹಣ್ಣನ್ನು ಹೊರಗಿನಿಂದ ನೋಡಿ ಬೆಲೆ ಕಟ್ಟುವುದಿಲ್ಲ. ಕಿಸೆಯ ಚಾಕುವಿನಿಂದ ಕೆನ್ನೆಯನ್ನು ಕತ್ತರಿಸಿ, ಬಣ್ಣ ನೋಡಿ, ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಮಾತಿಗೆ ತೊಡಗುತ್ತಾರೆ. ಒಣಗಿದ ಗೋಟಡಿಕೆಗೆ ಅಡಕೊತ್ತು ಬೇಕು. ಚಾಕು ಅಲ್ಲಿ ಸೋಲುತ್ತದೆ. ಹಸಿ ಅಡಿಕೆಯ ಮುಂದೆ ಮಾತ್ರ ಹರಿತವಾದ ಚಾಕುವೇ ಯಜಮಾನ.

ಹಿರೇಕೆರೂರಿನ ಸೀಮೆಯಲ್ಲಿ ಗೋವಿನಜೋಳದ ಚೀಲಗಳ ರಾಜ್ಯ. ಅಲ್ಲಿ ಚಾಕುವಿನ ಕೆಲಸ ಹಗ್ಗ ಮತ್ತು ಹುರಿ. ಚೀಲದ ಬಾಯಿಯ ಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚುವ ಜಾಗ ಯಾವುದೆಂಬುದನ್ನು ಹಮಾಲನು ಬಲ್ಲ. ಸರಿಯಾದ ಎಳೆಯನ್ನು ಕೊಯ್ದರೆ ಇಡೀ ಹೊಲಿಗೆ ಸರಸರನೆ ಬಿಚ್ಚಿಕೊಳ್ಳುತ್ತದೆ. ತಪ್ಪು ಎಳೆಯನ್ನು ಕೊಯ್ದರೆ ಚೀಲ ಹಾಳು. ಸರ್ವಜ್ಞನ ಹುಟ್ಟೂರೆಂದು ಪ್ರಸಿದ್ಧವಾದ ಅಬಲೂರು ಇರುವುದು ಇದೇ ಸೀಮೆಯಲ್ಲಿ. ಮೂರೇ ಸಾಲಿನಲ್ಲಿ ಹೇಳಬೇಕಾದುದನ್ನು ಕೊಯ್ದು ಮುಗಿಸಿದ ಆ ಕವಿಯ ನಾಡಿನಲ್ಲಿ ಒಂದೇ ಎಳೆತದ ಕೌಶಲಕ್ಕೆ ಮನ್ನಣೆಯಿರುವುದು ಸಹಜವೇ ಆಗಿದೆ.

ಶಿಗ್ಗಾವಿಯು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಅಲ್ಲಿನ ಚಹಾದಂಗಡಿಗಳಿಗೆ ಲಾರಿಯವರು ಬರುತ್ತಾರೆ. ತಾಡಪತ್ರಿಯ ಹಗ್ಗ, ಟೈರಿಗೆ ಸಿಕ್ಕಿಕೊಂಡ ರಬ್ಬರಿನ ತುಂಡು, ಊಟಕ್ಕೊಂದು ಉಳ್ಳಾಗಡ್ಡಿ, ಎಲ್ಲಕ್ಕೂ ಒಂದೇ ಚಾಕು. ಗಿರ್ಮಿಟ್ಟಿನ ಮೇಲೆ ಉದುರಿಸುವ ಉಳ್ಳಾಗಡ್ಡಿಯನ್ನು ಹಲಗೆಯಿಲ್ಲದೆ ಅಂಗೈಯಲ್ಲೇ ಸಣ್ಣಗೆ ಹೆಚ್ಚುವ ಒಬ್ಬ ಹುಡುಗನನ್ನು ಅಲ್ಲಿ ಕಂಡೆ. ಅವನ ಚಾಕುವಿನ ಹರಿತವನ್ನು ನೋಡಿ ನನಗೆ ಭಯವಾಯಿತು, ಅವನಿಗೆ ಆಗಲಿಲ್ಲ. ಮೊಂಡ ಚಾಕುವೇ ಕೈ ಕೊಯ್ಯುವುದು ಎಂಬುದು ಅವನ ಸಿದ್ಧಾಂತ. ಹರಿತವಾದುದು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ. ಮೊಂಡಾದುದನ್ನು ಒತ್ತಬೇಕಾಗುತ್ತದೆ, ಒತ್ತಿದುದು ಜಾರುತ್ತದೆ. ಹೆದ್ದಾರಿಯ ಪಕ್ಕದ ಗೊಟಗೋಡಿಯಲ್ಲಿ, ಹಳ್ಳಿಯ ಬಾಳನ್ನೂ ಕಸುಬುಗಳನ್ನೂ ಆಳೆತ್ತರದ ಪ್ರತಿಮೆಗಳಲ್ಲಿ ತೋರಿಸುವ ಉತ್ಸವ್ ರಾಕ್ ಗಾರ್ಡನ್ನಿದೆ. ಮಕ್ಕಳು ಅಲ್ಲಿ ನೋಡುವ ಕೈಗೆಲಸದಲ್ಲಿ ಎಷ್ಟೋ ಭಾಗ ಅವರ ಮನೆಗಳಲ್ಲಿ ಈಗ ಉಳಿದಿಲ್ಲ.

ಇನ್ನು ಸವಣೂರು. ನವಾಬರ ಊರು, ವೀಳ್ಯದೆಲೆಯ ಊರು, ಖಾರದ ಊರು. ಅಲ್ಲಿ ಚಹಾ ಮುಗಿದ ಮೇಲೆ ಎಲೆ ಬರಲೇಬೇಕು. ಎಲೆಯ ಕಟ್ಟನ್ನು ಬಿಚ್ಚಿ, ತೊಟ್ಟನ್ನು ಕೊಯ್ದು, ತುದಿಯನ್ನು ಚಿವುಟಿ, ಬೆನ್ನಿನ ನರವನ್ನು ಚಾಕುವಿನ ತುದಿಯಿಂದ ಎತ್ತಿ ತೆಗೆಯುವ ಕೆಲಸವನ್ನು ಒಬ್ಬ ಹಿರಿಯರು ಮಾಡುತ್ತಿದ್ದುದನ್ನು ನೋಡಿದೆ. ಎಲೆಯು ಎಲ್ಲಿಯೂ ಹರಿಯಲಿಲ್ಲ. ಶಸ್ತ್ರವೈದ್ಯನಾದರೂ ಮೆಚ್ಚಬೇಕಾದ ಕೈ! ಅದೇ ಊರಿನ ದೊಡ್ಡಹುಣಸೆ ಕಲ್ಮಠದ ಆವರಣವು ಆಫ್ರಿಕಾ ಮೂಲದ ಭಾರಿ ಹುಣಸೆ ಮರಗಳಿಗೆ ಹೆಸರಾಗಿದೆ. ಹಳೆಯ ಮರ ಕಂಡೊಡನೆ ತೊಗಟೆಯ ಮೇಲೆ ತಮ್ಮ ಹೆಸರನ್ನು ಕೆತ್ತುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಎಲೆಯ ನರವನ್ನು ಎತ್ತುವ ತುದಿಯೇ ಮರದ ಮೈಯನ್ನೂ ಗಾಯಗೊಳಿಸಬಲ್ಲದು. ಚಾಕುವಿಗೆ ಇದಾವುದೂ ತಿಳಿಯದು, ತಿಳಿಯಬೇಕಾದುದು ಕೈಗೆ.

ಒಗರಿನ ಬಣ್ಣ

ಈ ಚಾಕುಗಳಲ್ಲಿ ಬಹುಪಾಲು ಕರಿಯವು. ಹೊಳೆಯುವ ಅಲಗನ್ನು ಕೊಂಡವರೂ ವರ್ಷದೊಳಗೆ ಅದು ಮೋಡದ ಬಣ್ಣಕ್ಕೆ ತಿರುಗಿದುದನ್ನು ಕಾಣುತ್ತಾರೆ. ತುಕ್ಕು ಹಿಡಿಯಿತೆಂದು ಗಾಬರಿಯಾಗಬೇಕಾಗಿಲ್ಲ. ಇದರ ಕಾರಣವು ಚಹಾದ ಕಪ್ಪಿನಲ್ಲಿಯೇ ಇದೆ.

ಚಹಾಕ್ಕೆ ಒಗರು ಕೊಡುವ ಅಂಶಗಳು ಟ್ಯಾನಿನ್ ಎಂಬ ವರ್ಗಕ್ಕೆ ಸೇರಿದವು. ಅಡಿಕೆಯ ಒಗರೂ ಅದೇ, ಎಳೆಯ ಮಾವಿನ ಸಿಪ್ಪೆಯ ಒಗರೂ ಅದೇ. ಒಗರು ಕಬ್ಬಿಣವನ್ನು ಸೇರಿದರೆ ನೀಲಿಗಪ್ಪು ಬಣ್ಣ ಹುಟ್ಟುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಮಸಿಯನ್ನು ಮಾಡುತ್ತಿದ್ದುದು ಇದೇ ಗುಣದಿಂದ. ಅನ್ನಭೇದಿಯೆಂದರೆ ಕಬ್ಬಿಣದ ಒಂದು ಲವಣ. ಆದುದರಿಂದ ದಿನವೂ ಅಡಿಕೆ ಕೊಯ್ಯುವ ಚಾಕುವಿನ ಮೇಲೆ ಸಣ್ಣ ಮಸಿಯ ಪದರವೊಂದು ತಾನಾಗಿ ಬೆಳೆಯುತ್ತದೆ ಎನ್ನಬಹುದು. ಈ ಪದರವು ಕೆಂಪು ತುಕ್ಕನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಹೊರದೇಶದ ಹವ್ಯಾಸಿಗಳು ಹೊಸ ಚಾಕುವನ್ನು ಕೊಂಡು ತಂದು, ದಟ್ಟವಾದ ಚಹಾದ ಡಿಕಾಕ್ಷನ್ನಿನಲ್ಲಿ ಬೇಕೆಂದೇ ನೆನೆಯಿಸಿ ಕಪ್ಪು ಮಾಡುವುದುಂಟು. ನಮ್ಮವರು ನೆನೆಯಿಸಲಿಲ್ಲ, ಬಳಸಿದರು, ಅಷ್ಟೇ ವ್ಯತ್ಯಾಸ.

ಕ್ರೋಮಿಯಂ ಬೆರೆತ, ಕಲೆ ಹಿಡಿಯದ ಉಕ್ಕನ್ನು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿಯು ಎರಕ ಹೊಯ್ದನು. ಅಂದಿನಿಂದ ಬಿಳಿಯ ಚಾಕುಗಳು ಲೋಕವನ್ನು ತುಂಬಿವೆ. ಅವುಗಳಿಗೆ ಆರೈಕೆ ಕಡಿಮೆ ಸಾಕು, ನಿಜ. ಆದರೆ ಒಡೆಯನು ಏನು ತಿಂದನು, ಏನು ಕೊಯ್ದನು ಎಂಬ ಗುರುತು ಬಿಳಿಯ ಅಲಗಿನ ಮೇಲೆ ನಿಲ್ಲುವುದಿಲ್ಲ. ಕರಿಯ ಅಲಗು ಅದನ್ನೆಲ್ಲ ಬರೆದಿಟ್ಟುಕೊಂಡಿರುತ್ತದೆ.

ಮಡಿಚುವ ಚಾಕುವಿನ ಹಿರಿಯರು

ಅಲಗನ್ನು ಹಿಡಿಯೊಳಗೆ ಮಡಿಸಿ ಇಡುವ ಯುಕ್ತಿ ಬಹು ಹಳೆಯದು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬಲ್ಲಿ ದೊರೆತ, ಎಲುಬಿನ ಹಿಡಿಯುಳ್ಳ ಮಡಿಚುವ ಚಾಕುವು ಸುಮಾರು 2500 ವರ್ಷಗಳಷ್ಟು ಹಿಂದಿನದು. ರೋಮಿನವರೂ ಇಂಥವನ್ನು ಬಳಸಿದರು. 1890ರಲ್ಲಿ ಫ್ರಾನ್ಸಿನ ಸವಾಯ್ ಪ್ರಾಂತದ ಜೋಸೆಫ್ ಒಪಿನೆಲ್ ಮರದ ಹಿಡಿಯ ಸರಳವಾದ ಚಾಕುವೊಂದನ್ನು ರೂಪಿಸಿದನು. ಅಲ್ಲಿನ ರೈತರು ರೊಟ್ಟಿ, ಗಿಣ್ಣು, ದ್ರಾಕ್ಷಿ ಎಲ್ಲಕ್ಕೂ ಅದನ್ನೇ ಬಳಸಿದರು. ಇಂದಿಗೂ ಅದು ತಯಾರಾಗುತ್ತಿದೆ. 1891ರಲ್ಲಿ ಸ್ವಿಟ್ಸರ್ಲೆಂಡಿನ ಕಾರ್ಲ್ ಎಲ್ಸೆನರ್ ತನ್ನ ದೇಶದ ಸೈನಿಕರಿಗೆ ಚಾಕು ಒದಗಿಸತೊಡಗಿದನು. ಅದರಲ್ಲಿ ಅಲಗಿನ ಜೊತೆಗೆ ಬಂದೂಕು ಬಿಚ್ಚಲು ತಿರುಪುಳಿಯೂ ಡಬ್ಬಿ ತೆರೆಯಲು ಬೇರೊಂದು ಉಪಕರಣವೂ ಇದ್ದವು. ಡಬ್ಬಿ ತೆರೆಯುವ ಕೆಲಸವನ್ನು ಅಲಗಿಗೆ ವಹಿಸಬಾರದೆಂಬ ವಿವೇಕವನ್ನು ಓದುಗರು ನೆನಪಿನಲ್ಲಿಡಬೇಕು. ಅದರ ವಿಷಯ ಮುಂದೆ ಬರುತ್ತದೆ.

ಈ ಇತಿಹಾಸದಲ್ಲಿ ನಮಗೂ ಒಂದು ಪಾಲಿದೆ. ಮೂಸೆಯಲ್ಲಿ ಕಾಯಿಸಿದ ದಕ್ಷಿಣ ಭಾರತದ ಉಕ್ಕನ್ನು ಯುರೋಪಿನವರು ‘ವೂಟ್ಸ್’ ಎಂದು ಕರೆದರು. ಇದು ನಮ್ಮ ‘ಉಕ್ಕು’ ಎಂಬ ಮಾತಿನ ರೂಪಾಂತರವೆಂದು ಹಲವು ವಿದ್ವಾಂಸರ ಮತ. 1800-1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಉಕ್ಕಿನ ತಯಾರಿಕೆಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅದಕ್ಕೂ ಮೊದಲೇ ಡಾಕ್ಟರ್ ಹೆಲೆನಸ್ ಸ್ಕಾಟ್ ಎಂಬವನು ಮುಂಬಯಿಯಿಂದ ಈ ಉಕ್ಕಿನ ಗಟ್ಟಿಗಳನ್ನು ಲಂಡನ್ನಿಗೆ ಕಳುಹಿಸಿದ್ದನು. ರಾಯಲ್ ಸೊಸೈಟಿಯ ಆಶ್ರಯದಲ್ಲಿ ಅವುಗಳ ಪರೀಕ್ಷೆ ನಡೆದು, 1795ರಲ್ಲಿ ಜಾರ್ಜ್ ಪಿಯರ್ಸನ್ ಪ್ರಬಂಧ ಪ್ರಕಟಿಸಿದನು. ಆ ಉಕ್ಕಿನ ಗುಣವನ್ನು ನೋಡಲೆಂದು ಸ್ಟೋಡಾರ್ಟ್ ಎಂಬ ಕುಶಲ ಕಸುಬುದಾರನು ಮಾಡಿದ್ದೇನು? ಖಡ್ಗವಲ್ಲ; ಕಿಸೆಯಲ್ಲಿ ಹಿಡಿಸುವ ಒಂದು ಲೇಖನಿ ಚಾಕು! ಅದರ ಬಾಯಿಯು ಅಂದಿನ ಅತ್ಯುತ್ತಮ ಚಾಕುಗಳಿಗೆ ಸರಿದೊರೆಯಾಗಿ ನಿಂತಿತು. ಮುಂದೆ ಇದೇ ಸ್ಟೋಡಾರ್ಟನ ಜೊತೆಗೂಡಿ ಮೈಕೇಲ್ ಫ್ಯಾರಡೆಯು ಉಕ್ಕಿನ ಮಿಶ್ರಣಗಳ ಮೇಲೆ ಪ್ರಯೋಗ ನಡೆಸಿದನು.

ಲೇಖನಿ ಚಾಕು ಎಂಬ ಹೆಸರು ಬಂದುದು ಹಕ್ಕಿಯ ಗರಿಯ ಲೇಖನಿಯನ್ನು ಕೆತ್ತುವ ಕೆಲಸದಿಂದ. ನಮ್ಮಲ್ಲಿ ಲಾಳದ ಕಡ್ಡಿಯ ಲೇಖನಿಯನ್ನು ಕೆತ್ತುತ್ತಿದ್ದರು. ಕವಿ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಸವಣೂರಿನಲ್ಲಿ ಹುಟ್ಟಿದಾಗ ಶಾಲೆಯ ಹುಡುಗನ ಬಳಿ ಚಾಕು ಇರುವುದು ಅಪರಾಧವಾಗಿರಲಿಲ್ಲ, ವಿದ್ಯೆಯ ಸಾಧನವಾಗಿತ್ತು.

ಚಹಾ ಮಾತ್ರ ಚಾಕುವಿಗಿಂತ ಬಹು ಕಿರಿಯದು. ರಾಬರ್ಟ್ ಬ್ರೂಸ್ ಅಸ್ಸಾಮಿನಲ್ಲಿ ಚಹಾ ಗಿಡದ ಸುಳಿವನ್ನು ಪಡೆದುದು 1823ರಲ್ಲಿ. ಅಸ್ಸಾಮಿನ ಚಹಾ ಲಂಡನ್ನಿನ ಹರಾಜಿಗೆ ಬಂದುದು 1839ರಲ್ಲಿ. ಬೆಳೆದವರು ನಾವು, ಕುಡಿದವರು ಅವರು. ಭಾರತೀಯರಿಗೇ ಚಹಾದ ರುಚಿ ಹತ್ತಿಸಬೇಕೆಂದು 20ನೆಯ ಶತಮಾನದ ಮೊದಲ ಭಾಗದಲ್ಲಿ ದೊಡ್ಡ ಪ್ರಚಾರವೇ ನಡೆಯಿತು. ಸಂತೆ, ಜಾತ್ರೆ, ರೈಲು ನಿಲ್ದಾಣಗಳಲ್ಲಿ ಚಹಾ ಕಾಯಿಸಿ ಪುಕ್ಕಟೆಯಾಗಿ ಹಂಚಿದರು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಯಂತ್ರ ಬಂದ ಮೇಲೆ, ಸ್ವಲ್ಪ ಪುಡಿಗೆ ದಟ್ಟ ಬಣ್ಣ ಕೊಡುವ ಅಗ್ಗದ ಚಹಾ ಸಾಧ್ಯವಾಯಿತು. ಬಡವನ ಬಸಿಗೆ ಚಹಾ ಇಳಿದದ್ದು ಹೀಗೆ. ಇಳಿದದ್ದೇ ತಡ, ಹಳೆಯ ಕಾಲದ ಚಾಕು ಅದಕ್ಕಾಗಿಯೇ ಕಾದಿತ್ತೋ ಎಂಬಂತೆ ಜೊತೆಗೂಡಿತು.

ಆಯುಧವೋ, ಉಪಕರಣವೋ

ಚಾಕು ಎಂದೊಡನೆ ಪಟ್ಟಣದ ಜನರು ಬೆಚ್ಚುತ್ತಾರೆ. ಪತ್ರಿಕೆಗಳಲ್ಲಿ ಚಾಕುವಿನ ಹೆಸರು ಬರುವುದೆಲ್ಲ ಇರಿತದ ಸುದ್ದಿಯಲ್ಲಿಯೇ. ಅಂದು ಹಣ್ಣು ಹೆಚ್ಚಿದ ಲಕ್ಷಾಂತರ ಚಾಕುಗಳ ಸುದ್ದಿಯನ್ನು ಯಾರೂ ಅಚ್ಚು ಹಾಕುವುದಿಲ್ಲ. ವಿಮಾನದಲ್ಲಿ ಕೈಚೀಲದೊಳಗೆ ಚಾಕು ಒಯ್ಯಗೊಡುವುದಿಲ್ಲ, ಅದು ನ್ಯಾಯವೇ. ಆದರೆ ಕಾಯಿದೆಯು ಕೂಡ ವಿವೇಚನೆಯಿಲ್ಲದೆ ನಡೆದುಕೊಂಡಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಕೆಳಗೆ 1962ರಲ್ಲಿ ಮಾಡಿದ ನಿಯಮಗಳು 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗನ್ನು ಆಯುಧದ ಸಾಲಿಗೆ ಸೇರಿಸಿದವು; ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದುವನ್ನು ಆ ಸಾಲಿನಿಂದ ಹೊರಗಿಟ್ಟವು.

ಹಾನಗಲ್ಲಿನವರಿಗೆ ಈ ವಿಚಾರವನ್ನು ಕಾಯಿದೆ ಕಲಿಸಬೇಕಾಗಿಲ್ಲ. ತಮ್ಮ ಊರೇ ವಿರಾಟನಗರವೆಂಬ ಐತಿಹ್ಯವನ್ನು ಅವರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಪಾಂಡವರು ಅಜ್ಞಾತವಾಸಕ್ಕೆ ಊರೊಳಗೆ ಬರುವ ಮೊದಲು ತಮ್ಮ ಆಯುಧಗಳನ್ನೆಲ್ಲ ಬನ್ನಿಯ ಮರಕ್ಕೇರಿಸಿದರು. ಭೀಮಸೇನನು ವಲಲನೆಂಬ ಹೆಸರಿನಿಂದ ಅಡಿಗೆಮನೆ ಸೇರಿದನು. ಗದೆಯು ಮರದ ಮೇಲೆ ಉಳಿಯಿತು. ಆದರೆ ಅಡಿಗೆಯವನು ಕಾಯಿಪಲ್ಲೆ ಹೆಚ್ಚದಿರಲು ಸಾಧ್ಯವೇ? ಆಯುಧಗಳು ಮರವೇರಿದ ಮೇಲೂ ಕೈಯಲ್ಲಿ ಉಳಿಯುವ ಕಬ್ಬಿಣವೊಂದುಂಟು. ಖಂಡೇನವಮಿಯ ದಿನ ಈ ಸೀಮೆಯ ಮನೆಗಳಲ್ಲಿ ಕುಡಗೋಲು, ಕೊಡಲಿ, ಈಳಿಗೆಗಳ ಜೊತೆಗೆ ಕಿಸೆಯ ಚಾಕುವೂ ಅರಿಸಿನ ಕುಂಕುಮ ಪಡೆಯುವುದುಂಟು. ಆ ಒಂದು ದಿನ ಅದು ಯಾವುದನ್ನೂ ಕೊಯ್ಯುವುದಿಲ್ಲ.

ಚಾಕುವಿಗೆ ಶಿಷ್ಟಾಚಾರವೂ ಇದೆ. ತೆರೆದ ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಕೆಳಗಿಟ್ಟು ಎತ್ತಿಕೊಳ್ಳಬೇಕೆಂದು ಹಿರಿಯರು ಹೇಳುತ್ತಾರೆ. ಕೊಟ್ಟರೂ ಹಿಡಿಯನ್ನೇ ಮುಂದೆ ಮಾಡಬೇಕು. ಯುರೋಪಿನಲ್ಲಿ ಚಾಕುವನ್ನು ಉಡುಗೊರೆಯಾಗಿ ಪಡೆದವನು ಒಂದು ನಾಣ್ಯವನ್ನಾದರೂ ಹಿಂದಿರುಗಿಸುತ್ತಾನೆ. ಇಲ್ಲವಾದರೆ ಸ್ನೇಹವು ಕೊಯ್ದು ಹೋಗುವುದೆಂಬ ನಂಬಿಕೆ ಅಲ್ಲಿನದು. ದೇಶ ಬೇರೆಯಾದರೂ ಭಯ ಒಂದೇ. ಚಾಕು ಕೊಡುವವನು ತನ್ನ ನಂಬಿಕೆಯನ್ನೂ ಜೊತೆಗೆ ಕೊಡುತ್ತಾನೆ.

ಒಂದೇ ಒಂದು ಕಪ್ಪು

ಶಿಗ್ಗಾವಿ, ಸವಣೂರುಗಳನ್ನು ಮುಗಿಸಿಕೊಂಡು ಕೆಲವು ದಿನಗಳ ಮೇಲೆ ಹಾನಗಲ್ಲಿಗೆ ಹಿಂದಿರುಗಿದೆ. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮನಸ್ಸಿನಲ್ಲಿ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಎಲ್ಲರಿಗೂ ಕಾಗದದ ಬಟ್ಟಲು, ಅಜ್ಜನೊಬ್ಬರಿಗೆ ಪಿಂಗಾಣಿ, ಏಕೆ?

ಅಂಗಡಿಯವನಿಗೆ ಈಗ ನಲವತ್ತು ದಾಟಿದೆ. ಅವನು ಹೇಳಿದ ಕಥೆಯಿದು.

ಆಗ ಅವನು ಹನ್ನೆರಡು ವರ್ಷದ ಹುಡುಗ. ಅಂಗಡಿ ತಂದೆಯದು. ಒಂದು ಸಂತೆಯ ದಿನ ಅಜ್ಜ ಚಹಾ ಕುಡಿದು, ಚಾಕುವನ್ನು ಬೆಂಚಿನ ಮೇಲೆ ಮರೆತು ಹೋದರು. “ಎತ್ತಿಡು, ಮುಂದಿನ ಸಂತಿಗೆ ಬರತಾರ” ಎಂದು ತಂದೆ ಹೇಳಿದರು. ಹುಡುಗ ಎತ್ತಿಟ್ಟನು, ಆದರೆ ಸುಮ್ಮನಿರಲಾಗಲಿಲ್ಲ. ಮೂರನೆಯ ದಿನ ಬೆಲ್ಲದ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಚಾಕುವಿನ ತುದಿಯನ್ನು ಸಂದಿಗೆ ಸಿಕ್ಕಿಸಿ ಮೀಟಿದನು. ಟಣ್ ಎಂದಿತು. ಜೋಳದ ಕಾಳಿನಷ್ಟು ತುದಿ ಮುರಿದು ಬಿತ್ತು.

“ಐದು ದಿನ ನಿದ್ದಿ ಇಲ್ಲರಿ ನನಗ. ಹೊಳಿಗೆ ಒಗದು, ಕಳದೈತಿ ಅಂದ್ರಾತು ಅಂತ ಎರಡು ಸಲ ಹೊಳಿತನಕ ಹೋಗಿ ಬಂದೆ. ಒಗಿಯಾಕ ಕೈ ಬರಲಿಲ್ಲ.”

ಸಂತೆಯ ದಿನ ಅಜ್ಜ ಬಂದರು. ಹುಡುಗ ತಲೆ ತಗ್ಗಿಸಿ ಚಾಕುವನ್ನು ಅವರ ಮುಂದಿಟ್ಟನು. ಅಜ್ಜ ಅಲಗನ್ನು ಬಿಡಿಸಿ ನೋಡಿದರು. ಬಹಳ ಹೊತ್ತು ನೋಡಿದರು.

“ಏನ್ ತೆರದ್ಯೋ ತಮ್ಮಾ?”

“ಬೆಲ್ಲದ ಡಬ್ಬಿರೀ ಯಜ್ಜಾ.”

“ಡಬ್ಬಿಗೆ ಚಮಚ ಐತಿ. ಹಣ್ಣಿಗೆ ಚಾಕು ಐತಿ. ಹೋಗು, ಹಿತ್ತಲದಾಗ ಒಂದು ಖರಟ ಕಲ್ಲ ಸಿಕ್ಕರ ತಗೊಂಬಾ, ನೀರೂ ತಗೊಂಬಾ.”

ಅಜ್ಜ ಅಂದು ಸಂತೆಗೆ ಹೋಗಲಿಲ್ಲ. ಮುರಿದ ತುದಿಯನ್ನು ಬಾಯಿಯ ಕಡೆಯಿಂದ ಸವೆಸಬಾರದು. ಬೆನ್ನಿನ ಕಡೆಯಿಂದ ಇಳಿಜಾರಾಗಿ ಸವೆಸುತ್ತ ಬಂದರೆ ಹಳೆಯ ಬಾಯಿ ಹಾಗೆಯೇ ಉಳಿದು ಹೊಸ ತುದಿ ಹುಟ್ಟುತ್ತದೆಂದು ಹೇಳಿ, ಹುಡುಗನ ಕೈಯನ್ನು ತಮ್ಮ ಕೈಯೊಳಗೆ ಹಿಡಿದು ಕಲ್ಲಿನ ಮೇಲೆ ಎಳೆಯಿಸಿದರು. ನೀರು ಹಾಕುತ್ತ, ಒರೆಸುತ್ತ, ಬೆಳಕಿಗೆ ಹಿಡಿದು ನೋಡುತ್ತ ಒಂದು ತಾಸು ಕಳೆಯಿತು. ನಡುವೆ ಎರಡು ಸಲ ಚಹಾ ಆಯಿತು. ಕೊನೆಗೆ ಕಪ್ಪನ್ನು ಬೋರಲು ಹಾಕಿ, ತಳದ ಬಳೆಯನ್ನು ತೋರಿಸಿ, “ಇನ್ನ ನೀನ ಎಳಿ” ಎಂದರು. ಚಾಕುವು ಜೋಳದ ಕಾಳಿನಷ್ಟು ಗಿಡ್ಡವಾಯಿತು. ಆದರೆ ಮೊದಲಿಗಿಂತ ಹರಿತವಾಯಿತು. ತಂದೆ ಬೇಡವೆಂದರೂ ಅಜ್ಜ ಮೂರೂ ಚಹಾದ ಹಣ ಕೊಟ್ಟು ಹೋದರು.

“ಹೊಡದಿದ್ರ ಅವತ್ತ ಮರತುಬಿಡತಿದ್ದೆರಿ” ಎಂದನು ಅಂಗಡಿಯವನು.

ಮುಂದೆ ತಂದೆ ತೀರಿಕೊಂಡರು. ಕಪ್ಪು ತೊಳೆಯುವ ಹುಡುಗರು ಸಿಗದಾದರು. ಕಾಗದದ ಬಟ್ಟಲುಗಳು ಬಂದವು. ಕಾಗದವೆಂದು ಹೆಸರು, ಒಳಗಡೆ ತೆಳುವಾದ ಪ್ಲಾಸ್ಟಿಕ್ಕಿನ ಪದರವಿರುತ್ತದೆ. ತೊಳೆಯಬೇಕಾಗಿಲ್ಲ, ಒಡೆಯುವುದಿಲ್ಲ, ಎಸೆದರಾಯಿತು. ಪಿಂಗಾಣಿಯ ಕಪ್ಪುಗಳನ್ನೆಲ್ಲ ಅವನು ಗುಜರಿಯವನಿಗೆ ಕೊಟ್ಟನು. ಒಂದನ್ನು ಮಾತ್ರ ಡಬ್ಬಿಗಳ ಹಿಂದೆ ಇಟ್ಟುಕೊಂಡನು. ಏಕೆಂದರೆ ಕಾಗದದ ಬಟ್ಟಲಿನ ತಳದಲ್ಲಿ ಚಾಕು ಹರಿತಗೊಳ್ಳುವುದಿಲ್ಲ.

ಈಗ ಅಜ್ಜನ ಕಣ್ಣು ಮಂಜಾಗಿವೆ. ಅಲಗಿನ ಓರೆಯನ್ನು ಹಿಡಿಯುವುದು ಅವರಿಗೆ ಕಷ್ಟ. ಮೊದಲ ಎಳೆತ ಅವರದು, ಉಳಿದವು ಇವನವು. ಅಂದು ನಾನು ನೋಡಿದ್ದೂ ಅದನ್ನೇ.

“ಆ ಕಪ್ಪು ಒಡದ್ರ?” ಎಂದು ಕೇಳಿದೆ.

ಅವನು ಮೇಲಿನ ಡಬ್ಬಿಗಳ ಕಡೆ ಒಮ್ಮೆ ನೋಡಿದನು. “ಬಸಿ ಐತಲ್ರಿ. ಬಸಿ ತಳದಾಗೂ ಬಳಿ ಇರತೈತಿ” ಎಂದನು.

ಊರಿಗೆ ಮರಳಿದ ಮೇಲೆ ಮನೆಯ ಹಳೆಯ ಪೆಟ್ಟಿಗೆಯನ್ನು ತಡಕಾಡಿದೆ. ತಂದೆಯವರ ಕಾಲದ ಮಡಿಚುವ ಚಾಕು ಸಿಕ್ಕಿತು. ಕೀಲು ಬಿಗಿದಿತ್ತು, ಅಲಗು ಮೊಂಡಾಗಿತ್ತು. ಕೀಲಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಸಂಜೆಯ ಚಹಾ ಮುಗಿಸಿ, ಕಪ್ಪನ್ನು ಬೋರಲು ಹಾಕಿದೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ಅಷ್ಟೆ. ಒರಟು ಕಲ್ಲೊಂದನ್ನು ತಂದು ಮೊದಲು ಅದರ ಮೇಲೆ ಮಸೆದೆ. ವಾರ ಕಳೆಯುವಷ್ಟರಲ್ಲಿ ಕಪ್ಪಿನ ಬಳೆಯ ಮೇಲೆ ಬೂದು ಗೀರು ಕಾಣಿಸಿಕೊಂಡಿತು. ಮನೆಯವರು ಕಪ್ಪು ಹೊಲಸಾಯಿತೆಂದು ಗೊಣಗಿದರು. ಆ ಸಂಜೆ ಪೇರಲ ಹಣ್ಣನ್ನು ನಾಲ್ಕು ಹೋಳು ಮಾಡಿ ಅವರ ಮುಂದಿಟ್ಟೆ. ಮರುದಿನ ಸಂಜೆ ಚಹಾದ ಜೊತೆಗೆ ಒಂದು ಸೌತೆಕಾಯಿಯನ್ನೂ ತಂದು, ಏನನ್ನೂ ಹೇಳದೆ ನನ್ನ ಕಪ್ಪಿನ ಪಕ್ಕದಲ್ಲಿ ಇಟ್ಟು ಹೋದರು.